ಮಾಳಿಗೆಯ ಮೇಲೆ ನಿಂತು ವಾತಾವರಣವನ್ನು ಅಳೆಯುವ ಬಗೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮೊದಲನೆಯದು ಮೇ 2ರ ಸುಮಾರಿಗೆ, ಅಂದರೆ ಭರಣಿ ಮಳೆಯ ದಿನಗಳಲ್ಲಿ. ಎರಡನೆಯದು ಆಗಸ್ಟ್ 10ರ ಸುಮಾರಿಗೆ, ಆಶ್ಲೇಷಾ ಮಳೆಯ ದಿನಗಳಲ್ಲಿ. ಈ ಎರಡೂ ದಿನ ಸೂರ್ಯನ ಎತ್ತರ ಒಂದೇ, ಹಗಲಿನ ಉದ್ದವೂ ಒಂದೇ. ಆದರೆ ಮೇ ತಿಂಗಳ ಆ ದಿನ ಮಧ್ಯಾಹ್ನದ ಉಷ್ಣತೆ ಸಾಮಾನ್ಯವಾಗಿ 36–38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಆಗಸ್ಟ್‌ನ ಆ ದಿನ 26–28 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹತ್ತು ಡಿಗ್ರಿಯ ಈ ಅಂತರ ಎಲ್ಲಿಂದ ಬಂತು ಎಂಬುದನ್ನು ಸ್ವತಃ ಅಳೆದು ತಿಳಿದುಕೊಂಡವರಿಗೆ ವಾತಾವರಣದ ರಚನೆಯೂ ಅದನ್ನು ನಡೆಸುವ ಸೌರಶಕ್ತಿಯ ದಾರಿಯೂ ಅರ್ಥವಾಗುತ್ತವೆ. ಶಾಲೆಯ ಪುಸ್ತಕದಲ್ಲಿ ಐದು ಬಣ್ಣದ ಪಟ್ಟೆಗಳಾಗಿ ಕಾಣುವ ವಾತಾವರಣವನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತಾರೆ. ಆ ಪಟ್ಟೆಗಳಲ್ಲಿ ಬಹುಪಾಲನ್ನು ನಮ್ಮ ಊರಿನ ಮಾಳಿಗೆಯ ಮೇಲಿಂದಲೇ ಗುರುತಿಸಬಹುದು ಎಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ. ಅದಕ್ಕಾಗಿಯೇ ಈ ಮಾರ್ಗದರ್ಶಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಮೀಟರ್ ಉದ್ದದ ನೆಟ್ಟನೆಯ ಸರಳು, ಒಂದೇ ಬಗೆಯ ಎರಡು ಥರ್ಮಾಮೀಟರ್, ವಾಯುಭಾರ ತೋರಿಸುವ ಸೆನ್ಸರ್ ಇರುವ ಮೊಬೈಲ್ ಫೋನ್, ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿ, ಒಂದು ಹಳೆಯ ರೇಡಿಯೋ ಮತ್ತು ದಿನಾಂಕ ಹಾಕಿ ಬರೆದಿಡಲು ಒಂದು ನೋಟ್‌ಬುಕ್ ಇದ್ದರೆ ಸಾಕು. ದೂರದಿಂದಲೇ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಗನ್ ಸಿಕ್ಕರೆ ಬಹಳ ಒಳ್ಳೆಯದು. ಆದರೆ ಅದು ಕಾರ್ಖಾನೆ, ಗ್ಯಾರೇಜುಗಳಲ್ಲಿ ಬಳಸುವ ಬಗೆಯದಾಗಿರಬೇಕು. ಜ್ವರ ನೋಡುವ ಗನ್ ಮನುಷ್ಯನ ಮೈ ಉಷ್ಣತೆಯ ಆಚೀಚೆಗೆ ಅಳೆಯುವುದಿಲ್ಲ. ಕೆಲಸವನ್ನು ಏಪ್ರಿಲ್ ಕೊನೆಗೆ ಆರಂಭಿಸುವುದು ಉತ್ತಮ.

ಹಂತ 1: ಸೂರ್ಯನ ಎತ್ತರವನ್ನು ನೆರಳಿನಿಂದ ಅಳೆಯಿರಿ

ಸಮತಟ್ಟಾದ ಜಾಗದಲ್ಲಿ ಸರಳನ್ನು ನಿಲ್ಲಿಸಿ, ಗೌಂಡಿಗಳು ಬಳಸುವ ತೂಗುಗುಂಡಿನಿಂದ ಅದು ನೆಟ್ಟಗಿದೆಯೇ ಎಂದು ಪರೀಕ್ಷಿಸಿ. ನಮ್ಮಲ್ಲಿ ಸೂರ್ಯನ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಆಗುವುದಿಲ್ಲ. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ನಿಗದಿ ಮಾಡಿದ್ದಾರೆ. ಧಾರವಾಡ ಇರುವುದು ಹೆಚ್ಚುಕಡಿಮೆ ಸರಿಯಾಗಿ 75 ಡಿಗ್ರಿಯ ಮೇಲೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಅರ್ಧ ಗಂಟೆ ತಡ. ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದಲೂ ಅದರ ಅಕ್ಷ ವಾಲಿರುವುದರಿಂದಲೂ ಈ ಸಮಯ ವರ್ಷವಿಡೀ ಸ್ವಲ್ಪ ಸ್ವಲ್ಪ ಸರಿಯುತ್ತಿರುತ್ತದೆ: ಮೇ 2ರಂದು ಸುಮಾರು 12:27, ಆಗಸ್ಟ್ 10ರಂದು 12:35, ಫೆಬ್ರವರಿ ನಡುವಿನಲ್ಲಿ 12:44, ನವೆಂಬರ್ ಆರಂಭದಲ್ಲಿ 12:14.

ಆ ಹೊತ್ತಿಗೆ ನೆರಳಿನ ಉದ್ದ ಬರೆದುಕೊಳ್ಳಿ. ಡಿಸೆಂಬರ್ 21ರ ಸುಮಾರಿಗೆ ಒಂದು ಮೀಟರ್ ಸರಳಿನ ನೆರಳು ಉತ್ತರಕ್ಕೆ 80 ಸೆಂಟಿಮೀಟರ್ ಬೀಳುತ್ತದೆ. ಮಾರ್ಚ್ 21ಕ್ಕೆ ಅದು 27–28 ಸೆಂಟಿಮೀಟರಿಗೆ ಇಳಿಯುತ್ತದೆ; ಮೇ 2ಕ್ಕೆ ಸರಳಿನ ಬುಡದಲ್ಲೇ ಅಡಗುತ್ತದೆ; ಜೂನ್ 21ಕ್ಕೆ ದಕ್ಷಿಣದ ಕಡೆಗೆ 14 ಸೆಂಟಿಮೀಟರ್ ಚಾಚುತ್ತದೆ. ಗದಗದಲ್ಲಿಯೂ ಇವೇ ಅಂಕಿಗಳು. ಹಾವೇರಿ ಸ್ವಲ್ಪ ದಕ್ಷಿಣಕ್ಕಿರುವುದರಿಂದ ಅಲ್ಲಿ ನೆರಳು ಮಾಯವಾಗುವುದು ಬೇಸಿಗೆಯಲ್ಲಿ ಒಂದೆರಡು ದಿನ ಮೊದಲು, ಮಳೆಗಾಲದಲ್ಲಿ ಒಂದೆರಡು ದಿನ ತಡವಾಗಿ.

ನಮ್ಮ ರೈತರು ಬಳಸುವ ಮಳೆ ನಕ್ಷತ್ರಗಳ ಲೆಕ್ಕವೂ ಸೂರ್ಯನ ಲೆಕ್ಕವೇ. ಸೂರ್ಯನ ವಾರ್ಷಿಕ ಹಾದಿಯನ್ನು ಇಪ್ಪತ್ತೇಳು ಪಾಲು ಮಾಡಿ, ಅವನು ಒಂದೊಂದು ಪಾಲಿನಲ್ಲಿ ಇರುವ ಹದಿಮೂರು-ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆಯ ಹೆಸರಿಟ್ಟಿದ್ದಾರೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ತಾರೀಖಿನ ಪಕ್ಕದಲ್ಲಿ ಮಳೆಯ ಹೆಸರನ್ನೂ ಬರೆಯಿರಿ. ಮನೆಯ ಹಿರಿಯರ ನೆನಪಿನಲ್ಲಿರುವ ವರ್ಷಗಳ ಜೊತೆ ನಿಮ್ಮ ಅಳತೆಯನ್ನು ಹೋಲಿಸಲು ಅನುಕೂಲವಾಗುತ್ತದೆ.

ಹಂತ 2: ನೆಲವನ್ನೂ ಗಾಳಿಯನ್ನೂ ಬೇರೆಬೇರೆಯಾಗಿ ಅಳೆಯಿರಿ

ಗಾಳಿಯ ಉಷ್ಣತೆಯನ್ನು ನೆರಳಿನಲ್ಲಿ, ನೆಲದಿಂದ ಸುಮಾರು 1.25 ಮೀಟರ್ ಎತ್ತರದಲ್ಲಿ, ಗಾಳಿ ಆಡುವ ಕಡೆ ಅಳೆಯಬೇಕು. ಥರ್ಮಾಮೀಟರನ್ನು ಉತ್ತರದ ಗೋಡೆಗೆ ತೂಗುಹಾಕಬೇಕೆಂದು ಹಲವು ಪುಸ್ತಕಗಳು ಹೇಳುತ್ತವೆ. ಆ ಮಾತು ಉತ್ತರದ ದೇಶಗಳಿಗೆ ಸರಿ. ಮೇಯಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ನಡುಹಗಲಿನ ಸೂರ್ಯನೇ ಉತ್ತರಕ್ಕೆ ವಾಲಿರುತ್ತಾನೆ, ಬೆಳಗ್ಗೆ ಸಂಜೆಯ ಬಿಸಿಲೂ ಅದೇ ಗೋಡೆಯನ್ನು ಕಾಯಿಸುತ್ತದೆ. ಗೋಡೆಯಿಂದ ದೂರದಲ್ಲಿ, ಎರಡು ಪದರದ ಬಿಳಿ ಮರೆಯೊಳಗೆ ಇಡುವುದೇ ಸರಿಯಾದ ಕ್ರಮ. ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಒಂದರೊಳಗೊಂದು ಬೋರಲು ಹಾಕಿ ಬಿಳಿ ಬಣ್ಣ ಬಳಿದರೂ ಈ ಕೆಲಸ ಆಗುತ್ತದೆ.

ಈಗ ಏಪ್ರಿಲ್ ಕೊನೆಯ ಒಂದು ನಿಚ್ಚಳ ದಿನ ಬೆಳಗ್ಗೆಯಿಂದ ಸಂಜೆಯವರೆಗೆ ಗಂಟೆಗೊಮ್ಮೆ ಎರಡು ಅಂಕಿ ಬರೆಯಿರಿ: ಗಾಳಿಯ ಉಷ್ಣತೆ ಮತ್ತು ಇನ್‌ಫ್ರಾರೆಡ್ ಗನ್ನಿನಿಂದ ನೆಲದ ಉಷ್ಣತೆ. ನವಲಗುಂದ, ಅಣ್ಣಿಗೇರಿ, ಗದಗದ ಕಡೆಯ ಎರೆ ಹೊಲವಾದರೆ ಬರಿಯ ನೆಲ ಮಧ್ಯಾಹ್ನ 50 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಕಪ್ಪು ಮಣ್ಣು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ನೆಲದ ಉಷ್ಣತೆ ಒಂದು ಗಂಟೆಯ ಸುಮಾರಿಗೆ ತುದಿ ಮುಟ್ಟುವುದೂ ಗಾಳಿಯದು ಮೂರು ಗಂಟೆಯ ಸುಮಾರಿಗೆ ತುದಿ ಮುಟ್ಟುವುದೂ ಕಾಣುತ್ತದೆ.

ಈ ಎರಡು ಗಂಟೆಗಳ ಅಂತರವೇ ಇಡೀ ವಿಷಯದ ಬುಡ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಕಾದಿರುವುದರಿಂದ ಅವನ ಶಕ್ತಿಯ ಹೆಚ್ಚಿನ ಪಾಲು ಕಣ್ಣಿಗೆ ಕಾಣುವ ಬೆಳಕಾಗಿ ಮತ್ತು ಅದರ ಪಕ್ಕದ ಅವಕೆಂಪು ಕಿರಣಗಳಾಗಿ ಬರುತ್ತದೆ, ಮತ್ತು ಶುದ್ಧ ಗಾಳಿ ಈ ಬೆಳಕಿಗೆ ಬಹುಮಟ್ಟಿಗೆ ಪಾರದರ್ಶಕ. ವಾತಾವರಣದ ನೆತ್ತಿಗೆ ಬರುವ ಬಿಸಿಲು ಚದರ ಮೀಟರಿಗೆ ಸುಮಾರು 1,361 ವ್ಯಾಟ್. ಗೋಳದ ಹಗಲು ರಾತ್ರಿಗಳಿಗೆಲ್ಲ ಹಂಚಿ ಸರಾಸರಿ ತೆಗೆದರೆ 340 ವ್ಯಾಟ್. ಇದರಲ್ಲಿ ಸುಮಾರು ನೂರು ವ್ಯಾಟ್ ಮೋಡ, ಧೂಳು, ಮರಳು, ಹಿಮಗಳಿಂದ ಪ್ರತಿಫಲಿಸಿ ಬಾಹ್ಯಾಕಾಶಕ್ಕೆ ಮರಳುತ್ತದೆ. ವಾತಾವರಣ ತಾನೇ ಹೀರುವುದು ಎಂಬತ್ತರಷ್ಟು. ನೆಲ ಮತ್ತು ನೀರು ಹೀರುವುದು ಅದರ ಎರಡರಷ್ಟು, ಅಂದರೆ ಸುಮಾರು 160. ಹೀಗೆ ನಮ್ಮ ಸುತ್ತಲಿನ ಗಾಳಿ ಮುಖ್ಯವಾಗಿ ಕಾಯುವುದು ಕೆಳಗಿನಿಂದ, ಒಲೆಯ ಮೇಲಿಟ್ಟ ಎಸರಿನಂತೆ. ಅದಕ್ಕಾಗಿಯೇ ಅದು ಸುಮ್ಮನೆ ನಿಲ್ಲದೆ ಕುದಿಯುತ್ತದೆ, ಮೇಲೇಳುತ್ತದೆ, ಮಗುಚಿಕೊಳ್ಳುತ್ತದೆ.

ಮನೆಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದವರಿಗೆ ಇನ್ನೊಂದು ಅನುಕೂಲವಿದೆ. ಅದರ ಆ್ಯಪ್ ಕ್ಷಣಕ್ಷಣಕ್ಕೂ ತೋರಿಸುವ ಕಿಲೋವ್ಯಾಟ್ ಅಂಕಿ ಒಂದು ಒಳ್ಳೆಯ ಬಿಸಿಲಿನ ಮಾಪಕ. ಮೋಡ ಅಡ್ಡ ಬಂದಾಗ ಅದು ಎಷ್ಟು ಕುಸಿಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಹಂತಕ್ಕೆ ಬೇಕಾಗುತ್ತದೆ.

ಹಂತ 3: ಭರಣಿಯ ದಿನವನ್ನೂ ಆಶ್ಲೇಷಾದ ದಿನವನ್ನೂ ಎದುರುಬದುರು ಇಡಿ

ಆಗಸ್ಟ್ 10ರ ಹೊತ್ತಿಗೆ ಇದೇ ಅಳತೆಗಳನ್ನು ಮತ್ತೆ ಮಾಡಿ. ಸರಳಿನ ನೆರಳು ಕಾಣುವಷ್ಟು ಬಿಸಿಲು ಬೀಳದಿದ್ದರೂ ಪರವಾಗಿಲ್ಲ, ಅದೂ ಒಂದು ಉತ್ತರವೇ. ನೆಲದ ಉಷ್ಣತೆ ಗಾಳಿಯದಕ್ಕಿಂತ ಕೆಲವೇ ಡಿಗ್ರಿ ಮೇಲಿರುತ್ತದೆ. ಮೋಡ ಬಿಸಿಲಿನ ದೊಡ್ಡ ಪಾಲನ್ನು ಮೇಲಿಂದಲೇ ತಿರುಗಿಸಿ ಕಳಿಸುತ್ತದೆ ಎಂಬುದು ಮೊದಲ ಕಾರಣ. ಎರಡನೆಯ ಕಾರಣ ಕಣ್ಣಿಗೆ ಕಾಣದು, ಆದರೆ ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯವಾದದ್ದು.

ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 24.5 ಲಕ್ಷ ಜೂಲ್ ಶಕ್ತಿ ಬೇಕು. ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸರಿಯಾಗಿ ಒಂದು ಕಿಲೋಗ್ರಾಂ. ಮೇ ತಿಂಗಳ ನಿಚ್ಚಳ ದಿನ ಆ ಚದರ ಮೀಟರಿಗೆ ದಿನವಿಡೀ ಬೀಳುವ ಬಿಸಿಲು ಸುಮಾರು 250 ಲಕ್ಷ ಜೂಲ್. ನೆಲ ಒಣಗಿದ್ದರೆ ಹೀರಿದ ಶಕ್ತಿಯೆಲ್ಲ ಮಣ್ಣನ್ನೂ ಗಾಳಿಯನ್ನೂ ಕಾಯಿಸಲು ಹೋಗುತ್ತದೆ. ನೆಲ ಹಸಿಯಾಗಿದ್ದು, ಹೆಸರು, ಶೇಂಗಾ, ಗೋವಿನಜೋಳ ಎಳೆಹಸಿರಾಗಿ ನಿಂತಿದ್ದರೆ ದಿನಕ್ಕೆ ನಾಲ್ಕೈದು ಮಿಲಿಮೀಟರ್ ನೀರು ಆವಿಯಾಗಬಲ್ಲದು. ಅಷ್ಟಕ್ಕೇ 100–120 ಲಕ್ಷ ಜೂಲ್ ಖರ್ಚಾಗುತ್ತದೆ, ಥರ್ಮಾಮೀಟರ್ ಒಂದಿಷ್ಟೂ ಏರದೆ.

ಹಾಗಾದರೆ ಆ ಶಕ್ತಿ ಎಲ್ಲಿಗೆ ಹೋಯಿತು? ನೀರಾವಿಯ ಜೊತೆ ಮೇಲಕ್ಕೆ. ಆವಿ ಮತ್ತೆ ಹನಿಯಾಗುವಾಗ ಅಷ್ಟೂ ಶಕ್ತಿ ಮೋಡದೊಳಗೆ, ಹಲವು ಕಿಲೋಮೀಟರ್ ಎತ್ತರದಲ್ಲಿ, ಬಿಸಿಯಾಗಿ ಹೊರಬರುತ್ತದೆ. ಡಬ್ಬಿಯನ್ನು ಬಯಲಿನಲ್ಲಿಟ್ಟು ಬೆಳಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆಯಿರಿ; ನಮ್ಮ ಹವಾಮಾನ ಇಲಾಖೆಯೂ ಮಳೆಯ ದಿನವನ್ನು ಆ ಹೊತ್ತಿಗೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹತ್ತು ಮಿಲಿಮೀಟರ್ ಇದ್ದರೆ, ಆ ಮಳೆ ಹುಟ್ಟುವಾಗ ಚದರ ಮೀಟರಿಗೆ 245 ಲಕ್ಷ ಜೂಲ್ ಬಿಸಿ ಮೇಲಿನ ಗಾಳಿಗೆ ಸೇರಿದೆ ಎಂದರ್ಥ. ಅಂದರೆ ಒಂದು ಸೆಂಟಿಮೀಟರ್ ಮಳೆಯಲ್ಲಿ ಮೇ ತಿಂಗಳ ಒಂದು ಪೂರ್ತಿ ದಿನದ ಬಿಸಿಲು ಅಡಗಿರುತ್ತದೆ. ಅದರ ಬಹುಪಾಲು ಬಿದ್ದದ್ದು ನಮ್ಮ ಹೊಲದ ಮೇಲೂ ಅಲ್ಲ, ಸಾವಿರಾರು ಕಿಲೋಮೀಟರ್ ದೂರದ ಅರಬ್ಬೀ ಸಮುದ್ರ ಮತ್ತು ಹಿಂದೂ ಮಹಾಸಾಗರದ ಮೇಲೆ. ಡಬ್ಬಿಯ ನೀರನ್ನು ಅಳೆಯುವಾಗ ಈ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಿರಿ, ಮಾನ್ಸೂನ್ ಎಂಬುದು ಎಷ್ಟು ದೊಡ್ಡ ಎಂಜಿನ್ ಎಂಬುದು ಮನಸ್ಸಿಗೆ ನಾಟುತ್ತದೆ.

ಹಂತ 4: ಆಕಾಶದ ಬಿಸಿಯನ್ನು ರಾತ್ರಿ ಅಳೆಯಿರಿ

ಇನ್‌ಫ್ರಾರೆಡ್ ಗನ್ನನ್ನು ಕತ್ತಲಾದ ಮೇಲೆ ನೆತ್ತಿಯ ಕಡೆಗೆ ಹಿಡಿಯಿರಿ. ಹಗಲಿನಲ್ಲಿ ಸೂರ್ಯನ ಕಡೆಗೆ ಎಂದೂ ಹಿಡಿಯಬಾರದು. ಡಿಸೆಂಬರ್-ಜನವರಿಯ ಒಣ, ನಿಚ್ಚಳ ರಾತ್ರಿಯಲ್ಲಿ ಅಂಕಿ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಜುಲೈಯ ತಗ್ಗಿನ ಮೋಡಕ್ಕೆ ಹಿಡಿದರೆ ಹದಿನೈದು-ಇಪ್ಪತ್ತು ಡಿಗ್ರಿ ತೋರಿಸುತ್ತದೆ. ನೆಲ ತನ್ನ ಬಿಸಿಯನ್ನು ಅವಕೆಂಪು ಕಿರಣಗಳಾಗಿ ಸದಾ ಹೊರಸೂಸುತ್ತದೆ; ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಮೋಡಗಳು ಅದನ್ನು ಹೀರಿ ಒಂದು ಪಾಲನ್ನು ಕೆಳಗೆ ಕಳಿಸುತ್ತವೆ. ಮಳೆಗಾಲದ ರಾತ್ರಿ ಹಗಲಿಗಿಂತ ಹೆಚ್ಚು ತಂಪಾಗದಿರುವುದಕ್ಕೂ ಸುಗ್ಗಿಯ ರಾತ್ರಿಗಳಲ್ಲಿ ಹೊಲದ ಮೇಲೆ ಚಳಿ ಇಳಿಯುವುದಕ್ಕೂ ಕಾರಣ ಇದೇ.

ಭೂಮಿಯ ಒಟ್ಟು ಲೆಕ್ಕದಲ್ಲಿ ಆಕಾಶದಿಂದ ನೆಲಕ್ಕೆ ಮರಳುವ ಈ ಬಿಸಿ ಚದರ ಮೀಟರಿಗೆ ಸುಮಾರು 340 ವ್ಯಾಟ್, ನೆಲ ಸೂರ್ಯನಿಂದ ನೇರವಾಗಿ ಹೀರುವುದರ ಎರಡು ಪಟ್ಟಿಗಿಂತ ಹೆಚ್ಚು. ಇದು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ 15 ಡಿಗ್ರಿಯ ಬದಲು ಮೈನಸ್ 18 ಆಗಿರುತ್ತಿತ್ತು. ಈ ಕೆಲಸ ಮಾಡುವ ಅನಿಲಗಳ ಪ್ರಮಾಣ ಮಾತ್ರ ಬಹಳ ಸಣ್ಣದು. ಒಣ ಗಾಳಿಯಲ್ಲಿ ಶೇ. 78 ಸಾರಜನಕ, ಶೇ. 21 ಆಮ್ಲಜನಕ, ಶೇ. 0.9 ಆರ್ಗಾನ್, ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ ಸುಮಾರು 420 ಪಾಲು. ಹೆಚ್ಚಿರುವ ಮೂರೂ ಅನಿಲಗಳು ನೆಲದ ಬಿಸಿಯನ್ನು ತಡೆಯುವುದಿಲ್ಲ.

ಹಂತ 5: ಗಾಳಿಯ ತೂಕವನ್ನೂ ಅದರ ದಿನದ ಏರಿಳಿತವನ್ನೂ ಹಿಡಿಯಿರಿ

ಸಮುದ್ರಮಟ್ಟದಲ್ಲಿ ವಾಯುಭಾರ ಸರಾಸರಿ 1,013 ಹೆಕ್ಟೊಪ್ಯಾಸ್ಕಲ್. ಹುಬ್ಬಳ್ಳಿಯಲ್ಲಿ ಫೋನ್ ಸುಮಾರು 940 ತೋರಿಸಿದರೆ ಧಾರವಾಡದಲ್ಲಿ ಸುಮಾರು 930 ತೋರಿಸುತ್ತದೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಫೋನನ್ನು ಕೈಯಲ್ಲಿ ಹಿಡಿದಿರಿ: ಏರು ಬಂದಂತೆಲ್ಲ ಅಂಕಿ ಇಳಿಯುತ್ತ ಹೋಗುತ್ತದೆ, ಹೆಚ್ಚುಕಡಿಮೆ ಒಂಬತ್ತು ಮೀಟರಿಗೆ ಒಂದು ಹೆಕ್ಟೊಪ್ಯಾಸ್ಕಲ್‌ನಂತೆ. 930 ಎಂಬುದರ ಅರ್ಥ, ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಸುಮಾರು ಒಂಬತ್ತೂವರೆ ಟನ್ ಗಾಳಿ ಕುಳಿತಿದೆ ಎಂದು. ಈ ಭಾರದ ಬಹುಪಾಲು ತಳದಲ್ಲೇ ಇದೆ. ಸಮುದ್ರಮಟ್ಟದಿಂದ ಐದೂವರೆ ಕಿಲೋಮೀಟರ್ ಏರುವಷ್ಟರಲ್ಲಿ ಅರ್ಧ ಗಾಳಿ ಕೆಳಗುಳಿಯುತ್ತದೆ, ಮೂವತ್ತು ಕಿಲೋಮೀಟರಿನೊಳಗೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮುಗಿಯುತ್ತದೆ.

ಮುಂದಿನ ಪ್ರಯೋಗವನ್ನು ದಯವಿಟ್ಟು ಬಿಡಬೇಡಿ. ಬೇಸಿಗೆಯಲ್ಲೋ ಚಳಿಗಾಲದಲ್ಲೋ, ಗುಡುಗುಮಳೆ ಇಲ್ಲದ ದಿನಗಳಲ್ಲಿ, ಫೋನನ್ನು ಮೇಜಿನ ಮೇಲೆ ಒಂದೇ ಜಾಗದಲ್ಲಿಟ್ಟು ಒಂದೆರಡು ಗಂಟೆಗೊಮ್ಮೆ ವಾಯುಭಾರ ಬರೆಯಿರಿ, ಅಥವಾ ತಾನೇ ದಾಖಲಿಸುವ ಆ್ಯಪ್ ಹಾಕಿಕೊಳ್ಳಿ. ಜಾಗ ಬದಲಾಗಬಾರದು, ಏಕೆಂದರೆ ಒಂದು ಮಹಡಿ ಹತ್ತಿಳಿದರೂ ಅಂಕಿ ಬದಲಾಗುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ವಾಯುಭಾರ ಏರಿರುತ್ತದೆ, ಸಂಜೆ ನಾಲ್ಕರ ಸುಮಾರಿಗೆ ಸುಮಾರು ಮೂರು ಹೆಕ್ಟೊಪ್ಯಾಸ್ಕಲ್‌ನಷ್ಟು ಇಳಿದಿರುತ್ತದೆ, ರಾತ್ರಿ ಹತ್ತಕ್ಕೆ ಮತ್ತೆ ಏರುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಇಳಿಯುತ್ತದೆ. ಗೋಡೆಗಳಿರುವ ಕೋಣೆಯೊಳಗೂ ಈ ಏರಿಳಿತ ತಪ್ಪುವುದಿಲ್ಲ.

ಇದು ವಾತಾವರಣದ ಉಬ್ಬರವಿಳಿತ. ಸಮುದ್ರದ ಉಬ್ಬರಕ್ಕೆ ಚಂದ್ರನ ಸೆಳೆತ ಮುಖ್ಯ ಕಾರಣವಾದರೆ ಇದಕ್ಕೆ ಸೂರ್ಯನ ಬಿಸಿ ಕಾರಣ. ಮೇಲಿನ ಓಝೋನ್ ಮತ್ತು ಕೆಳಗಿನ ನೀರಾವಿ ಹಗಲಿನಲ್ಲಿ ಬಿಸಿಲನ್ನು ಹೀರಿ ಕಾಯುತ್ತವೆ. ಅದರಿಂದ ಎದ್ದ ಅಲೆ ಸೂರ್ಯನ ಹಿಂದೆಯೇ ಭೂಮಿಯನ್ನು ಸುತ್ತುತ್ತದೆ. ಹಂತ 2ರಲ್ಲಿ ಗಾಳಿ ಕಾಯುವುದು ಮುಖ್ಯವಾಗಿ ಕೆಳಗಿನಿಂದ ಎಂದು ಕಂಡುಕೊಂಡೆವು. ಮೇಲಿನಿಂದ ಕಾಯುವ ಪದರವೂ ಒಂದಿದೆ ಎಂಬುದಕ್ಕೆ ಮೇಜಿನ ಮೇಲಿನ ಫೋನೇ ಸಾಕ್ಷಿ ಹೇಳುತ್ತದೆ. ಉಷ್ಣವಲಯದಲ್ಲಿ ಈ ಅಲೆ ಅತಿ ಸ್ಪಷ್ಟ; ಯುರೋಪಿನಲ್ಲಿ ದಿನದಿನದ ಹವೆಯ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತದೆ. ಈ ವಿಷಯದಲ್ಲಿ ನಾವು ಭಾಗ್ಯವಂತರು.

ಹಂತ 6: ಮೋಡದ ಬುಡ ಎಷ್ಟು ಎತ್ತರದಲ್ಲಿದೆ?

ಎರಡನೆಯ ಥರ್ಮಾಮೀಟರಿನ ಬುಡಕ್ಕೆ ಹಸಿ ಅರಿವೆ ಸುತ್ತಿ ಬೀಸಣಿಕೆಯಿಂದ ಗಾಳಿ ಹಾಕಿ. ಒಣ ಮತ್ತು ಹಸಿ ಅಂಕಿಗಳೆರಡರಿಂದ, ಸಿದ್ಧ ಕೋಷ್ಟಕ ನೋಡಿ, ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯ ಆವಿ ಹನಿಗಟ್ಟತೊಡಗುವ ಉಷ್ಣತೆಯನ್ನು, ತಿಳಿಯಬಹುದು. ಮೇಲೇರುವ ಒಣ ಗಾಳಿ ಹಿಗ್ಗಿ ಕಿಲೋಮೀಟರಿಗೆ 9.8 ಡಿಗ್ರಿಯಂತೆ ತಣಿಯುತ್ತದೆ, ಅದರ ಇಬ್ಬನಿ ಬಿಂದು ಸುಮಾರು 1.8 ಡಿಗ್ರಿಯಂತೆ ಇಳಿಯುತ್ತದೆ. ಎರಡೂ ಸಂಧಿಸುವ ಎತ್ತರದಲ್ಲಿ ಮೋಡದ ಚಪ್ಪಟೆ ಬುಡ ಕಾಣುತ್ತದೆ. ಸುಲಭ ಸೂತ್ರ: ಗಾಳಿಯ ಉಷ್ಣತೆಯಿಂದ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿ, ಮೀಟರಿನಲ್ಲಿ ಉತ್ತರ ಬರುತ್ತದೆ. ಏಪ್ರಿಲ್ ಮಧ್ಯಾಹ್ನ 37 ಮತ್ತು 17 ಇದ್ದರೆ 2,500 ಮೀಟರ್. ಜುಲೈಯಲ್ಲಿ 25 ಮತ್ತು 22 ಇದ್ದರೆ 375 ಮೀಟರ್. ಮಳೆಗಾಲದಲ್ಲಿ ಕಪ್ಪತಗುಡ್ಡದ ತಲೆ ಮೋಡದೊಳಗೆ ಅಡಗುವುದು ಈ ಲೆಕ್ಕದಂತೆಯೇ.

ಹಂತ 7: ಗುಡುಗುಮೋಡದ ತಲೆಯಲ್ಲಿ ಪರಿವರ್ತನ ಮಂಡಲದ ಮೇಲಂಚನ್ನು ನೋಡಿ

ಭರಣಿ, ಕೃತ್ತಿಕಾ ಮಳೆಗಳ ಸಂಜೆ ದೂರದಲ್ಲಿ ಎದ್ದ ಗುಡುಗುಮೋಡವನ್ನು ನೃಪತುಂಗ ಬೆಟ್ಟದಂತಹ ತೆರೆದ ಎತ್ತರದಿಂದ ನೋಡಿ. ಹೂಕೋಸಿನ ಗಡ್ಡೆಯಂತಿರುವ ತಲೆ ಏರುತ್ತ ಹೋಗಿ, ಒಂದು ಎತ್ತರದಲ್ಲಿ ಏರುವುದು ನಿಂತು, ಕಮ್ಮಾರನ ಅಡಿಗಲ್ಲಿನ ಆಕಾರದಲ್ಲಿ ಅಡ್ಡಡ್ಡ ಹರಡುತ್ತದೆ. ಅದರ ಎತ್ತರವನ್ನು ಲೆಕ್ಕ ಹಾಕಬಹುದು. ಹವಾಮಾನ ಇಲಾಖೆಯ ಗೋವಾ ರೇಡಾರ್ ಚಿತ್ರದಿಂದ ಮೋಡ ಎಷ್ಟು ದೂರದಲ್ಲಿದೆ ಎಂದು ನೋಡಿಕೊಳ್ಳಿ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಆ ಚಪ್ಪಟೆ ತಲೆಯವರೆಗೆ ಎಷ್ಟು ಮುಷ್ಟಿ ಎಂದು ಎಣಿಸಿ. ಅರವತ್ತು ಕಿಲೋಮೀಟರ್ ದೂರದ ಮೋಡ 14 ಡಿಗ್ರಿ ಎತ್ತರದಲ್ಲಿದ್ದರೆ ಅದರ ತಲೆ ನಮಗಿಂತ ಹದಿನೈದು ಕಿಲೋಮೀಟರ್ ಮೇಲಿದೆ.

ಅಲ್ಲಿಗೆ ವಾತಾವರಣದ ಅತಿ ಕೆಳಗಿನ ಪದರವಾದ ಪರಿವರ್ತನ ಮಂಡಲ ಮುಗಿಯುತ್ತ ಬಂತು. ಉಷ್ಣವಲಯದಲ್ಲಿ ಅದರ ಮೇಲಂಚು 16–18 ಕಿಲೋಮೀಟರಿನಲ್ಲಿದೆ, ಧ್ರುವಗಳಲ್ಲಿ ಎಂಟು-ಒಂಬತ್ತರಲ್ಲೇ. ನಮ್ಮ ಮೇಲಿನ ಅಂಚಿನ ಉಷ್ಣತೆ ಮೈನಸ್ 75–80 ಡಿಗ್ರಿ, ಧ್ರುವದ ಅಂಚಿಗಿಂತಲೂ ಹೆಚ್ಚು ತಣ್ಣಗೆ. ಸಮಭಾಜಕದ ಮೇಲೆ ಮೇಲಿನ ಗಾಳಿ ಹೀಗೆ ಅತಿ ಶೀತಲವಾಗಿರುತ್ತದೆ ಎಂಬುದನ್ನು 1929ರಲ್ಲಿ ಇಡೀ ಉತ್ತರಾರ್ಧಗೋಳದ ನಕ್ಷೆ ಬಿಡಿಸಿ ತೋರಿಸಿದವರು ಪಾಲಕ್ಕಾಡಿನ ಕೆ. ಆರ್. ರಾಮನಾಥನ್, ಆಗ್ರಾದಿಂದ ಹಾರಿಬಿಟ್ಟ ಬಲೂನುಗಳ ದಾಖಲೆಗಳನ್ನೂ ಅವರು ಅಭ್ಯಾಸ ಮಾಡಿದ್ದರು. ಮೇಲೆ ಹೋದಂತೆ ತಣಿಯುವುದು ಒಂದು ಎತ್ತರದಲ್ಲಿ ನಿಲ್ಲುತ್ತದೆ ಎಂಬುದನ್ನು 1902ರಲ್ಲಿ ಬಲೂನುಗಳಿಂದಲೇ ತೋರಿಸಿಕೊಟ್ಟವರು ಫ್ರಾನ್ಸಿನ ತೆಸರಾಂಕ್ ದ ಬೋರ್.

ಮೋಡದ ತಲೆ ಅಲ್ಲಿ ನಿಲ್ಲುವುದೇಕೆ? ಮೇಲಿನ ಸಮೋಷ್ಣ ಮಂಡಲದಲ್ಲಿ ಎತ್ತರಕ್ಕೆ ಹೋದಂತೆ ಉಷ್ಣತೆ ಏರುತ್ತದೆ. ಅಲ್ಲಿಯ ಓಝೋನ್ ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಓಝೋನ್ ಅತಿ ದಟ್ಟವಾಗಿರುವುದು 20–25 ಕಿಲೋಮೀಟರಿನಲ್ಲಾದರೂ ಉಷ್ಣತೆ ತುದಿ ಮುಟ್ಟುವುದು 50 ಕಿಲೋಮೀಟರಿನಲ್ಲಿ, ಸೊನ್ನೆ ಡಿಗ್ರಿಯ ಆಸುಪಾಸಿಗೆ. ಕಿರಣಗಳು ಮೊದಲು ಬೀಳುವುದು ಅಲ್ಲಿ, ಕಾಯಬೇಕಾದ ಗಾಳಿಯೂ ಅಲ್ಲಿ ವಿರಳ. ಬಿಸಿ ಗಾಳಿ ಮೇಲೆ, ತಣ್ಣನೆಯದು ಕೆಳಗೆ ಇರುವಾಗ ಮೇಲುಕೀಳು ಮಗುಚಾಟಕ್ಕೆ ಅವಕಾಶವಿಲ್ಲ. ಭಾರತದಲ್ಲಿ ಓಝೋನ್ ಅಳೆಯುವ ಬಲೂನು ಉಪಕರಣವನ್ನೂ ಬಿಸಿಲು ಅಳೆಯುವ ಕೇಂದ್ರಗಳ ಜಾಲವನ್ನೂ ಕಟ್ಟಿದ ಅಣ್ಣಾ ಮಣಿಯವರ ಹೆಸರನ್ನು ಈ ಪಾಠದ ಜೊತೆ ಮಕ್ಕಳಿಗೆ ಹೇಳಲೇಬೇಕು.

ಹಂತ 8: ಒಂದೇ ಆಕಾಶದಲ್ಲಿ ಎರಡು ದಿಕ್ಕಿನ ಗಾಳಿ

ಗದಗದವರಿಗೆ ಗಾಳಿಯ ದಿಕ್ಕು ತಿಳಿಯಲು ಬೇರೆ ಉಪಕರಣವೇ ಬೇಡ. ಗುಡ್ಡದ ಮೇಲಿನ ಗಾಳಿಯಂತ್ರಗಳು ಗಾಳಿ ಬರುವ ಕಡೆಗೆ ಮುಖ ಮಾಡಿ ನಿಲ್ಲುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಕ್ಕೆ, ಡಿಸೆಂಬರಿನಲ್ಲಿ ಪೂರ್ವ-ಈಶಾನ್ಯಕ್ಕೆ. ಬೇಸಿಗೆಯಲ್ಲಿ ಕಾದ ಏಷ್ಯಾದ ನೆಲ, ಬೆಚ್ಚಗಿನ ಸಮುದ್ರ ಮತ್ತು ಹಂತ 3ರಲ್ಲಿ ಲೆಕ್ಕ ಹಾಕಿದ ಮೋಡದೊಳಗಿನ ಬಿಸಿ ಸೇರಿ ದಕ್ಷಿಣಾರ್ಧಗೋಳದ ಗಾಳಿಯನ್ನು ಸಮಭಾಜಕ ದಾಟಿಸಿ ಎಳೆಯುತ್ತವೆ. ಭೂಮಿಯ ತಿರುಗುವಿಕೆ ಅದನ್ನು ಬಲಕ್ಕೆ ಹೊರಳಿಸುತ್ತದೆ. ಸಹ್ಯಾದ್ರಿ ಹತ್ತುವಾಗ ಹೆಚ್ಚಿನ ನೀರು ಸುರಿದುಹೋಗುವುದರಿಂದ ಕಲಘಟಗಿ, ಅಳ್ನಾವರದ ಕಡೆ ಮಳೆ ಹೆಚ್ಚು. ಪೂರ್ವಕ್ಕೆ ಹೋದಂತೆ ಕಡಿಮೆ.

ಜುಲೈಯಲ್ಲಿ ಮೋಡ ಹರಿದ ಹೊತ್ತು ಕಾದು ನೋಡಿ. ತಗ್ಗಿನ ಮೋಡ ಪೂರ್ವಕ್ಕೆ ಓಡುತ್ತಿರುತ್ತದೆ; ಅದರ ಮೇಲೆ ಬಹು ಎತ್ತರದಲ್ಲಿ ಎಳೆಎಳೆಯಾದ ಬಿಳಿ ಹಿಮಮೋಡ ಪಶ್ಚಿಮಕ್ಕೆ ಸರಿಯುತ್ತಿರುತ್ತದೆ. ವಿದ್ಯುತ್ ಕಂಬದ ತುದಿಯನ್ನು ಗುರುತಾಗಿಟ್ಟುಕೊಂಡು ಐದು ನಿಮಿಷ ಅಲುಗಾಡದೆ ನೋಡಿದರೆ ಎರಡೂ ಚಲನೆ ಸ್ಪಷ್ಟವಾಗುತ್ತವೆ. ಮೇಲಿನದು 14–16 ಕಿಲೋಮೀಟರಿನಲ್ಲಿ ಪೂರ್ವದಿಂದ ರಭಸವಾಗಿ ಬೀಸುವ ಉಷ್ಣವಲಯದ ಪೂರ್ವ ಜೆಟ್ ಗಾಳಿ. ಅದನ್ನು 1958ರಲ್ಲಿ ವಿವರಿಸಿದವರು ನಮ್ಮ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ.

ಹಂತ 9: ಉಲ್ಕೆ ಮತ್ತು ರೇಡಿಯೋ

ಐವತ್ತು ಕಿಲೋಮೀಟರಿನ ಮೇಲೆ ಮಧ್ಯಂತರ ಮಂಡಲ. 85 ಕಿಲೋಮೀಟರಿನ ಸುಮಾರಿಗೆ ಉಷ್ಣತೆ ಮೈನಸ್ 90ರ ಆಸುಪಾಸಿಗೆ ಕುಸಿಯುತ್ತದೆ. ಡಿಸೆಂಬರ್ 14ರ ರಾತ್ರಿ ಊರ ದೀಪಗಳಿಂದ ದೂರ ಹೋಗಿ ಜೆಮಿನಿಡ್ ಉಲ್ಕೆಗಳನ್ನು ನೋಡಿ: ಅವು ಉರಿಯುವುದು ಈ ಮಂಡಲದ ಮೇಲಂಚಿನಲ್ಲಿ, ಹೆಚ್ಚುಕಡಿಮೆ 80ರಿಂದ 100 ಕಿಲೋಮೀಟರಿನಲ್ಲಿ.

ಅದರ ಮೇಲಿನ ಉಷ್ಣತಾ ಮಂಡಲಕ್ಕೆ ರೇಡಿಯೋ ಬೇಕು. ಧಾರವಾಡ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳಿ ಬೆಳೆದವರಿಗೆ, ಹಗಲಿನಲ್ಲಿ ಹತ್ತಿರದ ಕೇಂದ್ರಗಳಷ್ಟೇ ಸಿಕ್ಕಿ ರಾತ್ರಿಯಾದೊಡನೆ ಪರಭಾಷೆಯ ದೂರದ ಕೇಂದ್ರಗಳು ಕೇಳಿಬರುತ್ತಿದ್ದುದು ನೆನಪಿರುತ್ತದೆ. ಸೂರ್ಯನ ಕ್ಷ-ಕಿರಣ ಮತ್ತು ನೇರಳಾತೀತ ಕಿರಣಗಳು ಹಗಲಿನಲ್ಲಿ 60–90 ಕಿಲೋಮೀಟರ್ ಎತ್ತರದ ಅನಿಲದಿಂದ ಇಲೆಕ್ಟ್ರಾನ್‌ಗಳನ್ನು ಬಿಡಿಸುತ್ತವೆ. ಆ ಪದರ ಮೀಡಿಯಂ ವೇವ್ ಅಲೆಗಳನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ದೂರಕ್ಕೆ ಮರಳಿ ಇಳಿಯುತ್ತವೆ. ಸಂಜೆ ಐದರಿಂದ ಎಂಟರವರೆಗೆ ಅರ್ಧ ಗಂಟೆಗೊಮ್ಮೆ ಮುಳ್ಳನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ, ಎಷ್ಟು ಕೇಂದ್ರಗಳು ಸಿಕ್ಕವು ಎಂದು ಎಣಿಸಿ ಬರೆಯಿರಿ. ಎಲ್‌ಇಡಿ ಬಲ್ಬು ಮತ್ತು ಚಾರ್ಜರ್‌ಗಳನ್ನು ಆರಿಸಿದರೆ ಗರಗರ ಸದ್ದು ಕಡಿಮೆಯಾಗುತ್ತದೆ. ಶಾರ್ಟ್‌ವೇವ್ ಇದ್ದರೆ ಹಗಲಿನಲ್ಲೂ ಗಮನವಿಡಿ: ಚೆನ್ನಾಗಿ ಕೇಳುತ್ತಿದ್ದ ಕೇಂದ್ರಗಳೆಲ್ಲ ಒಮ್ಮೆಲೇ ಸಣ್ಣಗಾಗಿ, ಹತ್ತಾರು ನಿಮಿಷಗಳ ನಂತರ ಮರಳಿದರೆ ಆ ಹೊತ್ತನ್ನು ಬರೆದಿಟ್ಟು, ಸೂರ್ಯನ ಮೇಲೆ ಅದೇ ಸಮಯಕ್ಕೆ ಸೌರಜ್ವಾಲೆ ದಾಖಲಾಗಿದೆಯೇ ಎಂದು ಮರುದಿನ ನೋಡಿ.